ಯಾವ ಎಕ್ಸಾಂಗೂ ಅಲ್ಲ ಸ್ವಾಮಿ

ಯಾವ ಎಕ್ಸಾಂಗೂ ಅಲ್ಲ. ಕೆಎಎಸ್ ಅಲ್ಲ, ಬ್ಯಾಂಕಿಂಗ್ ಅಲ್ಲ, ಮಗನಿಗೆ ಹೇಳಿಕೊಡೋಕೂ ಅಲ್ಲ, ಅವನು ಕಾಮರ್ಸ್ ತಗೊಂಡು ಆರಾಮಾಗಿದಾನೆ. ಮೆಟ್ರೋದಲ್ಲಿ ಸೀಟ್ ಸಿಕ್ಕಿದ್ರೆ ನೋಟ್‌ಬುಕ್ ತೆಗೆದು ಲೆಕ್ಕ ಮಾಡ್ತೀನಿ, ಪಕ್ಕದವರು ಎರಡು ಸ್ಟೇಷನ್ ತಡ್ಕೊಂಡು ಆಮೇಲೆ "ಮೇಡಂ, ಯಾವ ಎಕ್ಸಾಂಗೆ?" ಅಂತ ಕೇಳೇ ಕೇಳ್ತಾರೆ. ಸುಮ್ನೆ ಅಂದ್ರೆ ನಂಬಲ್ಲ. ಎದುರಿಗೆ ಕ್ಯಾಂಡಿ ಕ್ರಷ್ ಆಡ್ತಾ ಕೂತಿರೋರಿಗೆ ಈ ಪ್ರಶ್ನೆ ಇಲ್ಲ ನೋಡಿ.

ನಂಬಿದೋರು ಇನ್ನೂ ಕಷ್ಟ. "ಓ ಲೆಕ್ಕ ಇಷ್ಟಾನಾ, ಹಾಗಾದ್ರೆ 47 ಇಂಟು 68 ಎಷ್ಟು, ಬೇಗ ಬೇಗ!" ರೀ, ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನ 28 ಸೆಕೆಂಡಲ್ಲಿ ಗುಣಿಸಿದ್ರು, ಅದು ಅವರ ವಿದ್ಯೆ, ನನಗೆ ಹದಿನಾರರ ಮಗ್ಗಿ ದಾಟಿದ್ರೆ ಬಾಯಿಗೇ ಬರಲ್ಲ, ಅದಕ್ಕೂ ನಾನು ಮಾಡೋದಕ್ಕೂ ಅಷ್ಟೇನೂ ಸಂಬಂಧ ಇಲ್ಲ.

ಹೋದ ವರ್ಷ ಚನ್ನರಾಯಪಟ್ಟಣದ ಕಡೆ ಒಂದು ಮದುವೇಲಿ ಇದು ಅತಿಯಾಯ್ತು. "ನಿಂಗೆ ಲೆಕ್ಕ ಅಂದ್ರೆ ಪ್ರಾಣ ಅಲ್ವೇನವ್ವ" ಅಂತ ದೊಡ್ಡಪ್ಪ ನನ್ನನ್ನ ಮುಯ್ಯಿ ಬರೆಯೋ ಟೇಬಲ್ಲಿಗೆ ಕೂರಿಸಿಬಿಟ್ರು. ರೇಷ್ಮೆ ಸೀರೆ, ಸೆಕೆ, ಊಟದ ಮೊದಲನೇ ಪಂಕ್ತಿ ಆಗಲೇ ಹೋಗಿದೆ, ಪಕ್ಕದಲ್ಲಿ ಕವರ್ ಒಡೆಯೋಕೆ ಒಬ್ಬ ಏಳನೇ ಕ್ಲಾಸ್ ಹುಡುಗ. ಹೆಸರು, ಊರು, 101. ಹೆಸರು, ಊರು, 501. ಬೇಜಾರಿಗೆ ಅಂಕಿಗಳನ್ನ ಒಡೆಯೋಕೆ ಶುರು ಮಾಡಿದೆ. 101 ಅವಿಭಾಜ್ಯ, ಜಗ್ಗಲ್ಲ. 501 ಮೂರರಿಂದ ಹೋಗುತ್ತೆ, 167 ಉಳಿಯುತ್ತೆ, ಸಪ್ಪೆ. ಆಮೇಲೆ ಯಾರೋ 1001 ಕೊಟ್ರು. 1001 ಅಂದ್ರೆ 7 ಇಂಟು 11 ಇಂಟು 13!

ಹುಡುಗನಿಗೆ ಹೇಳಿದೆ, ಮೂರಂಕಿ ಯಾವ್ದಾದ್ರೂ ಬರಿ, ಪಕ್ಕದಲ್ಲಿ ಅದನ್ನೇ ಇನ್ನೊಂದು ಸಲ ಬರಿ. 365365 ಅಂತ ಬರೆದ. 7ರಿಂದ ಭಾಗಿಸು, 52195. ಅದನ್ನ 11ರಿಂದ, 4745. ಅದನ್ನ 13ರಿಂದ, ವಾಪಸ್ 365. ಎಲ್ಲೂ ಶೇಷ ಇಲ್ಲ, ಯಾಕಂದ್ರೆ ಮೂರಂಕೀನ ಎರಡು ಸಲ ಬರೆಯೋದೂ ಒಂದೇ 1001ರಿಂದ ಗುಣಿಸೋದೂ ಒಂದೇ. ಅವನು ಕವರ್ ಕೆಳಗಿಟ್ಟು, "ಅತ್ತೆ, ನಾಲ್ಕಂಕಿ ಆದ್ರೆ?" ಅಂದ.

ಪ್ರಶ್ನೆ ಅಂದ್ರೆ ಇದಪ್ಪ. ಇಂಥದ್ದನ್ನ ಮೆಟ್ರೋದಲ್ಲಿ ಯಾರಾದ್ರೂ ಕೇಳಿದ್ರೆ ನಾನು ಇಳಿಯೋ ಸ್ಟೇಷನ್ ಬಿಟ್ಟು ಉತ್ತರ ಹೇಳ್ತೀನಿ. ನಾಲ್ಕಂಕಿಗೆ 10001 ಬೇಕು, ಅದು ಸುಲಭಕ್ಕೆ ಒಡೆಯಲ್ಲ, ಲಗ್ನಪತ್ರಿಕೆ ಹಿಂದೆ 7, 11, 13, 17 ಅಂತ ಒಂದೊಂದಾಗಿ ಹಚ್ಚಿ ನೋಡ್ತಾ ಹೋದ್ರೆ 73ಕ್ಕೆ ಹೋಗಿ ಸಿಗುತ್ತೆ: 73 ಇಂಟು 137. ನಮ್ಮ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ 152207ನ್ನ 73ರಿಂದ ಗುಣಿಸಿ 11111111 ಬರಿಸಿದಾರೆ, ಎಡದಿಂದ ಓದಿದ್ರೂ ಬಲದಿಂದ ಓದಿದ್ರೂ ಒಂದೇ ಥರ ಇರೋ ಇಂಥ ಗುಣಲಬ್ಧಗಳನ್ನ ಕೊರಳ ಹಾರ ಅಂತ ಕರೆದಿದಾರೆ. ಈ 73 ಎಲ್ಲಿಂದ ಬಂತು ಅಂತ ನನಗೆ ಬಹಳ ದಿನದಿಂದ ತಲೆ ಕೆಡ್ತಿತ್ತು. 11111111 ಅಂದ್ರೆ 1111ನ್ನ ಎರಡು ಸಲ ಬರೆದಿರೋದು ತಾನೇ? ಅಂದ್ರೆ 1111 ಇಂಟು 10001. ಅದರೊಳಗಿಂದ 73 ಹೊರಗೆ ತೆಗೀರಿ, ಉಳಿದ 1111 ಇಂಟು 137, ಅದೇ 152207. ಮುಯ್ಯಿ ಟೇಬಲ್ಲಲ್ಲಿ ಕೂತು ಇದು ಹೊಳೀತು, ಎದುರಿಗೆ ಕ್ಯೂ ಬೆಳೆದು ದೊಡ್ಡಪ್ಪ "ಟೋಟಲ್ ಎಷ್ಟಾಯ್ತವ್ವ?" ಅಂತ ಕೂಗ್ತಿದ್ರು. ಟೋಟಲ್ಲಿಗೆ ಫೋನಲ್ಲಿ ಕ್ಯಾಲ್ಕುಲೇಟರ್ ಇದೆ ದೊಡ್ಡಪ್ಪ ಅಂದೆ, ಇವತ್ತಿಗೂ ಸಿಟ್ಟು ಅವರಿಗೆ.

ಹುಡುಗ ಐದಂಕಿಗೆ ತಾನೇ ಹೋದ. 100001 ಅಂದ್ರೆ 11 ಇಂಟು 9091 ಅಂತ ವಾಟ್ಸಾಪ್ ಮಾಡಿದ, ಜೊತೆಗೆ "9091 ಒಡೆಯುತ್ತಾ ಅತ್ತೆ?" ಒಡೆಯಲ್ಲ ಮರಿ, ನಂಬಿಕೆ ಇಲ್ಲದಿದ್ರೆ 89ರ ತನಕ ಇರೋ ಅವಿಭಾಜ್ಯಗಳನ್ನೆಲ್ಲ ಹಚ್ಚಿ ನೋಡು, ಮುಂದಕ್ಕೆ ಹೋಗೋದು ಬೇಡ ಅಂದೆ. ಯಾಕೆ 89ಕ್ಕೇ ಸಾಕು ಅಂತ ಕೇಳಿದಾನೆ. ಹೇಳಿಲ್ಲ, ಯೋಚನೆ ಮಾಡ್ಲಿ.