ಆಟಿ ತಿಂಗಳ ಜ್ವರ ಮತ್ತು ನಾನು ಕಾಯುತ್ತಿರುವ ಲಸಿಕೆ

ದಾವಣಗೆರೆಯ ನಮ್ಮವರಿಗೆ ಕಾಸರಗೋಡಿನ ಮಳೆ ಎಂಥದ್ದೆಂದು ಫೋನಿನಲ್ಲಿ ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಮದುವೆಯಾಗಿ ಬದಿಯಡ್ಕದ ಕಡೆ ಬಂದ ಮೇಲೆ ನನಗೆ ಮಳೆಗಾಲ ಅಂದರೆ ಜ್ವರದ ಕಾಲವೂ ಹೌದು. ಜೂನ್‌ನಲ್ಲಿ ಶಾಲೆ ಶುರು, ಬೆನ್ನಿಗೇ ಮಳೆ. ನಾನು ವಿಜ್ಞಾನ ಪಾಠ ಮಾಡುವ ಕನ್ನಡ ಮಾಧ್ಯಮದ ತರಗತಿಯಲ್ಲಿ ಕಿಟಕಿಯೆಲ್ಲ ಮುಚ್ಚಿರುತ್ತದೆ, ಮಕ್ಕಳ ಯೂನಿಫಾರಂ ಒದ್ದೆ, ಒಬ್ಬ ಕೆಮ್ಮಿದರೆ ಸಾಕು. ಆಟಿ ತಿಂಗಳಿಗೆ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಬೆಂಚುಗಳು ಖಾಲಿಯಾಗುತ್ತವೆ. ಮನೆಯಲ್ಲಿ ಮಾವನವರು ಕಂಬಳಿ ಹೊದ್ದು ಕೂತಿರುತ್ತಾರೆ. ತೋಟಕ್ಕೆ ಮದ್ದು ಬಿಡುವವರು ಬಂದರೂ ಏಳಲು ಆಗುವುದಿಲ್ಲ. ಆಶಾ ಕಾರ್ಯಕರ್ತೆ ಚೇಚಿ (ಅಕ್ಕ) ಅಂಗಳದಲ್ಲೇ ಕೊಡೆ ಹಿಡಿದು ನಿಂತು, "ಅಜ್ಜನಿಗೆ ಪನಿ (ಜ್ವರ) ಎಷ್ಟು ದಿವಸ ಆಯ್ತು?" ಅಂತ ಕೇಳುತ್ತಾರೆ. ಎಲ್ಲವೂ ಫ್ಲೂ ಅಲ್ಲ, ಡೆಂಗಿ, ಇಲಿಜ್ವರವೂ ಇಲ್ಲಿ ಇವೆ. ಆದರೆ ಫ್ಲೂ ಬಾರದ ಮಳೆಗಾಲವನ್ನು ನಾನು ನೋಡಿಲ್ಲ.

ಒಬ್ಬ ಹುಡುಗಿ ಕೇಳಿದಳು: "ಟೀಚರ್, ದಡಾರಕ್ಕೆ ಎರಡು ಸಲ ಹಾಕಿದರೆ ಮುಗಿಯಿತು. ಫ್ಲೂಗೆ ಮಾತ್ರ ಪ್ರತಿ ವರ್ಷ ಯಾಕೆ?"

ಒಳ್ಳೆಯ ಪ್ರಶ್ನೆ. ಫ್ಲೂ ವೈರಸ್ಸಿನ ಮೈಮೇಲೆ ಹಿಮಗ್ಲುಟಿನಿನ್ ಎಂಬ ಪ್ರೋಟೀನಿನ ಮುಳ್ಳುಗಳಿವೆ. ಅದಕ್ಕೊಂದು ತಲೆ, ಒಂದು ಕಾಂಡ. ಕಿಟಕಿಯಾಚೆಯ ಅಡಿಕೆ ಮರ ತೋರಿಸಿ ಹೇಳಿದೆ: ಸೋಗೆ ಬೀಳುತ್ತದೆ, ಹೊಸದು ಬರುತ್ತದೆ, ಕಾಂಡ ಮಾತ್ರ ಅದೇ. ನಮ್ಮ ದೇಹ ಗುರುತಿಟ್ಟುಕೊಳ್ಳುವುದು ಹೆಚ್ಚಾಗಿ ತಲೆಯನ್ನು, ಬೇಗ ಬದಲಾಗುವುದೂ ಅದೇ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲಿ ಉತ್ತರಾರ್ಧಗೋಳಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಗೋಳಕ್ಕೆ ಲಸಿಕೆಗೆ ಸೇರಿಸಬೇಕಾದ ವೈರಸ್ ತಳಿಗಳನ್ನು ಆರಿಸುತ್ತದೆ. ಲಸಿಕೆಯಲ್ಲಿ ಹೆಚ್ಚಿನದು ಇಂದಿಗೂ ಕೋಳಿಮೊಟ್ಟೆಯಲ್ಲಿ ಬೆಳೆಯುವಂಥದ್ದು. ತಯಾರಾಗಲು ಸುಮಾರು ಆರು ತಿಂಗಳು ಬೇಕು. ಅಷ್ಟರಲ್ಲಿ ವೈರಸ್ ಬದಲಾಗಿರಬಹುದು. ತಳಿ ಹೊಂದಿದ ವರ್ಷವೂ ರಕ್ಷಣೆ ಶೇ 40ರಿಂದ 60ರಷ್ಟೇ. ಅಮೆರಿಕದಲ್ಲಿ 2014-15ರಲ್ಲಿ ಅದು ಶೇ 19ಕ್ಕೆ ಇಳಿದಿತ್ತು.

ನನ್ನನ್ನು ಕಾಡುವುದು ಇನ್ನೊಂದು. ಈ ಲೆಕ್ಕ ಚಳಿಗಾಲದ ಫ್ಲೂ ಇರುವ ದೇಶಗಳದ್ದು. ನಮ್ಮ ದೇಶದ ಹೆಚ್ಚಿನ ಕಡೆ ಫ್ಲೂ ಏರುವುದು ಮಳೆಯಲ್ಲಿ, ಶ್ರೀನಗರದಂಥ ಕಡೆ ಚಳಿಗೆ. ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲೂ ಇದಿಲ್ಲ. ತೋಟದ ಕೆಲಸಕ್ಕೆ ಬರುವವರು ಪ್ರತಿ ವರ್ಷ ಒಂದು ದಿನದ ಕೂಲಿ ಬಿಟ್ಟು, ಕೈಯಿಂದ ದುಡ್ಡು ಹಾಕಿ ಚುಚ್ಚಿಸಿಕೊಳ್ಳುತ್ತಾರಾ? ಕಾಂಡದಂಥ, ಅಷ್ಟಾಗಿ ಬದಲಾಗದ ಭಾಗಕ್ಕೆ ಗುರಿಯಿಡುವ, ಹಲವು ವರ್ಷ ಬಾಳುವ ಲಸಿಕೆ ಬಂದರೆ ಎಲ್ಲರಿಗಿಂತ ಜಾಸ್ತಿ ಉಪಕಾರವಾಗುವುದು ಇಂಥವರಿಗೆ.

ಕೆಲಸ ನಡೆಯುತ್ತಿದೆ. ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ಕಾಲೇಜಿನವರು ಬೇರೆ ಬೇರೆ ತಲೆಗಳನ್ನು ಒಂದೇ ಕಾಂಡಕ್ಕೆ ಜೋಡಿಸಿ, ದೇಹದ ಗಮನ ಕಾಂಡದ ಕಡೆ ತಿರುಗುವಂತೆ ಮಾಡಿದ್ದಾರೆ. ಅದನ್ನು ಮನುಷ್ಯರ ಮೇಲೂ ಪರೀಕ್ಷಿಸಿದ್ದಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2022ರಲ್ಲಿ ಇನ್ನೊಂದು ದಾರಿ ಹಿಡಿದರು: ಗೊತ್ತಿರುವ 20 ಬಗೆಯ ಫ್ಲೂ ವೈರಸ್ಸುಗಳಿಗೂ ಸೇರಿ ಒಂದೇ ಎಂಆರ್‌ಎನ್‌ಎ ಲಸಿಕೆ (ವೈರಸ್ಸಿನ ಪ್ರೋಟೀನನ್ನು ತಯಾರಿಸುವ ಸೂಚನೆಯನ್ನು ದೇಹಕ್ಕೆ ಕೊಡುವಂಥದ್ದು). ಇಲಿಗಳಲ್ಲಿ, ಮುಂಗುಸಿಯಂತೆ ಕಾಣುವ ಫೆರೆಟ್ ಎಂಬ ಪ್ರಾಣಿಗಳಲ್ಲಿ ಅದು ಸೋಂಕನ್ನು ಪೂರ್ತಿ ತಡೆಯದಿದ್ದರೂ ಜೀವ ಉಳಿಸಿತು. ನನಗೆ ಅಷ್ಟಾದರೂ ದೊಡ್ಡದೇ. ಸೋತದ್ದೂ ಇದೆ. ಇಸ್ರೇಲಿನ ಕಂಪನಿಯೊಂದರ ಲಸಿಕೆ 12,000ಕ್ಕೂ ಹೆಚ್ಚು ಜನರ ಮೇಲಿನ ಪರೀಕ್ಷೆ ಮುಗಿಸಿ, 2020ರಲ್ಲಿ ಪ್ರಯೋಜನವಿಲ್ಲವೆಂದು ಗೊತ್ತಾಯಿತು.

ಅದು ಬರುವವರೆಗೆ ಈಗಿನದ್ದನ್ನು ಬಿಡಬೇಡಿ. ನಮ್ಮೂರಿಗೆ ಬಂದ ಮಾಹಿತಿ ಚೀಟಿ ಮಲಯಾಳದಲ್ಲಿ ಮಾತ್ರ ಇತ್ತು, ಅತ್ತೆಗೆ ಓದಲು ಬರುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಬರೆದು ಶಾಲೆಯ ಬೋರ್ಡಿಗೆ ಹಚ್ಚಿದ್ದೇನೆ. ಅದೇ ನಿಮಗೂ: ಮನೆಯಲ್ಲಿ ವಯಸ್ಸಾದವರು, ಬಸುರಿಯರು, ದಮ್ಮು ಅಥವಾ ಸಕ್ಕರೆ ಕಾಯಿಲೆಯವರು ಇದ್ದರೆ ಮೇ ತಿಂಗಳಲ್ಲೇ ಡಾಕ್ಟರ ಹತ್ತಿರ ಕೇಳಿ. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು, ಮಳೆ ಹಿಡಿಯುವವರೆಗೆ ಸುಮ್ನೆ ಕೂರಬೇಡಿ.