ಮೊದಲು ಗಟ್ಟಿ ವೈಸು: ಮನೆಯ ವರ್ಕ್‌ಶಾಪಿಗೆ ಸಲಕರಣೆ ಕೊಳ್ಳುವವರಿಗೆ

ಬೆಳಗಾವಿಯಲ್ಲಿ ಇದ್ದುಕೊಂಡು ಕಬ್ಬಿಣದ ಕೆಲಸದ ಹುಚ್ಚು ಹತ್ತಿಸಿಕೊಳ್ಳುವುದು ಸುಲಭ. ಉದ್ಯಮಬಾಗದ ಯಾವ ರಸ್ತೆಗೆ ಹೋದರೂ ಲೇತಿನ (ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಯಂತ್ರದ) ಸದ್ದು ಕಿವಿಗೆ ಬೀಳುತ್ತದೆ. ಬೀಡುಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿಗಳು, ಹೈಡ್ರಾಲಿಕ್ ಬಿಡಿಭಾಗಗಳ ಕಾರ್ಖಾನೆಗಳು, ಒಂದೆರಡು ಯಂತ್ರ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವ ಸಣ್ಣ ಶೆಡ್ಡುಗಳು ಅಲ್ಲಿ ಒಂದರ ಪಕ್ಕದಲ್ಲಿ ಒಂದು ನಿಂತಿವೆ. ಗುರ್ಲಹೊಸೂರಿನಲ್ಲಿ ಹುಟ್ಟಿದ ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ಇದೇ ಊರಿನಲ್ಲಿ, ಮತ್ತು 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋಗುವ ಮೊದಲು ಅವರು ಕಬ್ಬಿಣದ ನೇಗಿಲಿಗೆ ಕೈಹಾಕಿದ್ದೂ ಇಲ್ಲಿಯೇ. ಇಂಥ ಊರಿನಲ್ಲಿ ಹಿತ್ತಲಿನ ಶೆಡ್ಡಿನಲ್ಲಿ ಒಂದು ಟೇಬಲ್ ಹಾಕಿ, ಸಂಜೆ ಒಂದೆರಡು ತಾಸು ಉಕ್ಕಿನ ಜೊತೆ ಕಳೆಯಬೇಕೆಂಬ ಆಸೆ ಬಹಳ ಹುಡುಗರಲ್ಲಿದೆ. ಅವರಲ್ಲಿ ಕೆಲವರು ನನ್ನ ಶೆಡ್ಡಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಒಂದೇ: "ಕಾಕಾ, ಸಣ್ಣ ಲೇತ್ ಯಾವ್ದು ತಗೊಳ್ಳಲಿ?" ನಾನು ಹೇಳುವುದೂ ಒಂದೇ: "ಮೊದಲ ಛಲೋ ವೈಸ್ ತಗೋಪಾ, ಲೇತಿನ ಮಾತು ಆಮ್ಯಾಲ ನೋಡೂಣು."

ವೈಸು ಎಂದರೆ ಟೇಬಲ್ಲಿಗೆ ಕೂಡಿಸಿ, ಎರಡು ದವಡೆಗಳ ನಡುವೆ ತುಂಡನ್ನು ಬಿಗಿಯಾಗಿ ಹಿಡಿಯುವ ಸಾಧನ. ಈ ಉತ್ತರದಿಂದ ಅವರಿಗೆ ಸ್ವಲ್ಪ ನಿರಾಸೆಯಾಗುತ್ತದೆ ಎಂಬುದು ನನಗೆ ಗೊತ್ತಿದೆ. ಆದರೂ ಅದನ್ನು ಬದಲಿಸಲು ನನಗೆ ಕಾರಣ ಕಾಣುವುದಿಲ್ಲ. ಕಾರ್ಖಾನೆಯಲ್ಲಿ ಒಂದು ತುಂಡನ್ನು ಕೊರೆಯುವ ಮೊದಲು ಅದನ್ನು ಹಿಡಿಯುವುದಕ್ಕಾಗಿಯೇ ಫಿಕ್ಸ್ಚರ್ ಮಾಡಿಸುತ್ತಾರೆ, ಅದಕ್ಕೆ ಬೇರೆ ಹಣ ತೆಗೆದಿಡುತ್ತಾರೆ. ಮನೆಯಲ್ಲಿ ಕೆಲಸ ಮಾಡುವವರು ಮಾತ್ರ ಎಲ್ಲ ಹಣವನ್ನೂ ಕೊಯ್ಯುವ, ಕೊರೆಯುವ ಸಾಧನಗಳ ಮೇಲೆ ಸುರಿದು, ಹಿಡಿಯುವ ಕೆಲಸವನ್ನು ಎಡಗೈಗೋ ಕಾಲಿಗೋ ಒಪ್ಪಿಸುತ್ತಾರೆ. ಬ್ಲೇಡು ಮುರಿಯುವುದು, ರಂಧ್ರ ಸೊಟ್ಟಗಾಗುವುದು, ರಂಧ್ರದಲ್ಲಿ ಥ್ರೆಡ್ ಕೊರೆಯುವ ಟ್ಯಾಪು ಒಳಗೇ ತುಂಡಾಗಿ ಉಳಿಯುವುದು, ಬೆರಳು ಕೊಯ್ದುಕೊಳ್ಳುವುದು ಇವುಗಳ ಬೆನ್ನು ಹತ್ತಿ ಹೋದರೆ ಹೆಚ್ಚಿನ ಸಲ ಸಿಗುವ ಕಾರಣ, ತುಂಡು ಅಲುಗಾಡಿತು ಎಂಬುದೇ ಆಗಿರುತ್ತದೆ.

ವೈಸು ಕೊಳ್ಳುವಾಗ ಅಂಗಡಿಯಲ್ಲಿಯೇ ಅದನ್ನು ಪರೀಕ್ಷಿಸಬೇಕು, ಮತ್ತು ಅಂಗಡಿಯವರು ಅದಕ್ಕೆ ಬೇಸರಪಟ್ಟರೆ ಬೇರೆ ಅಂಗಡಿಗೆ ಹೋಗಬೇಕು. ಮನೆಯ ಕೆಲಸಕ್ಕೆ ದವಡೆಯ ಅಗಲ 100 ಅಥವಾ 125 ಮಿ.ಮೀ. ಇದ್ದರೆ ಸಾಕು. ಕಾಗದದ ಎರಡು ಸಣ್ಣ ಪಟ್ಟಿಗಳನ್ನು ದವಡೆಯ ಎರಡು ತುದಿಗಳಲ್ಲಿ ಇಟ್ಟು, ಹ್ಯಾಂಡಲನ್ನು ಒಂದು ಬೆರಳಿನ ಬಲದಿಂದ ತಿರುಗಿಸಿ ಮುಚ್ಚಿ, ಪಟ್ಟಿಗಳನ್ನು ಎಳೆದು ನೋಡಿ. ಒಂದು ಬಿಗಿಯಾಗಿದ್ದು ಇನ್ನೊಂದು ಸಲೀಸಾಗಿ ಹೊರಗೆ ಬಂದರೆ ದವಡೆಗಳು ಸಮಾನಾಂತರವಾಗಿಲ್ಲ ಎಂದರ್ಥ. ಆಮೇಲೆ ಒಂದು ದಪ್ಪ ಪಟ್ಟಿಯನ್ನು ದವಡೆಯ ಮೇಲಂಚಿನಲ್ಲಿ ಹಿಡಿದು ಚೆನ್ನಾಗಿ ಬಿಗಿಮಾಡುತ್ತ, ಚಲಿಸುವ ದವಡೆ ಎಷ್ಟು ಮೇಲಕ್ಕೇಳುತ್ತದೆ ಎಂದು ಕಣ್ಣಿಟ್ಟು ನೋಡಬೇಕು. ಎಲ್ಲ ವೈಸುಗಳೂ ಕೂದಲೆಳೆಯಷ್ಟು ಏಳುತ್ತವೆ, ಆದರೆ ಕಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ಎದ್ದರೆ ಆ ವೈಸು ನೀವು ಫೈಲ್ (ಅರ) ಹಾಕುವ ಪ್ರತಿಯೊಂದು ತುಂಡನ್ನೂ ಓರೆಯಾಗಿ ಹಿಡಿಯುತ್ತದೆ. ದವಡೆಯ ಪ್ಲೇಟುಗಳು ಸ್ಕ್ರೂ ಹಾಕಿ ಕೂಡಿಸಿದವು ಆಗಿರಲಿ, ಸವೆದಾಗ ಬದಲಿಸಬಹುದು. ಬಣ್ಣ ಎಷ್ಟು ಹೊಳೆಯುತ್ತದೆ ಎಂಬುದಕ್ಕೆ ಬೆಲೆ ಕೊಡಬೇಡಿ; ಎರಕದ ಸಣ್ಣ ತೂತುಗಳನ್ನು ಪುಟ್ಟಿ ಮೆತ್ತಿ, ದಪ್ಪ ಬಣ್ಣ ಬಳಿದು ಮುಚ್ಚಿದ ಮಾಲು ಪೇಟೆಯಲ್ಲಿ ಇದೆ. ಕಾರ್ಖಾನೆಯಿಂದ ಗುಜರಿಗೆ ಬಂದ ಹಳೆಯ ಭಾರವಾದ ವೈಸು ಸಿಕ್ಕರೆ, ಅದರ ಸ್ಕ್ರೂ ಮತ್ತು ಒಳಗಿನ ನಟ್ಟು ಸವೆಯದೆ ಇದ್ದರೆ, ನಾನು ಹೊಸದನ್ನು ಬಿಟ್ಟು ಅದನ್ನೇ ಆರಿಸುತ್ತೇನೆ.

ವೈಸನ್ನು ಕೂಡಿಸುವುದರಲ್ಲಿಯೂ ಲೆಕ್ಕವಿದೆ. ಅದು ಟೇಬಲ್ಲಿನ ಕಾಲಿನ ನೇರಕ್ಕೆ ಮೇಲೆ ಇರಬೇಕು, ನಡುವೆ ಕೂಡಿಸಿದರೆ ಹಲಗೆ ಸ್ಪ್ರಿಂಗಿನಂತೆ ಕುಣಿಯುತ್ತದೆ. ಸ್ಥಿರವಾದ ದವಡೆಯ ಮುಖ ಟೇಬಲ್ಲಿನ ಅಂಚಿಗಿಂತ ಒಂದಿಷ್ಟು ಹೊರಗೆ ಚಾಚಿರಬೇಕು. ಆಗ ಮಾತ್ರ ಉದ್ದನೆಯ ಪಟ್ಟಿಯನ್ನು ನೆಟ್ಟಗೆ ಕೆಳಗಿಳಿಬಿಟ್ಟು ಹಿಡಿಯಲು ಬರುತ್ತದೆ. ಎತ್ತರ ತಿಳಿಯಲು ಫಿಟ್ಟರುಗಳು ಮೊದಲಿನಿಂದ ಮಾಡುವ ಉಪಾಯವೇ ಸರಿ: ನೆಟ್ಟಗೆ ನಿಂತು, ಮುಷ್ಟಿಯನ್ನು ಗದ್ದಕ್ಕೆ ಆನಿಸಿದಾಗ ಮೊಣಕೈ ದವಡೆಯ ಮೇಲ್ಭಾಗಕ್ಕೆ ತಾಗಬೇಕು. ಇನ್ನೂ ಬಿಗಿ ಮಾಡಬೇಕೆಂದು ಹ್ಯಾಂಡಲಿಗೆ ಪೈಪು ಸಿಕ್ಕಿಸುವ ರೂಢಿ ಬಹಳ ಕಡೆ ಇದೆ, ಅದನ್ನು ಎಂದೂ ಮಾಡಬಾರದು. ಬೀಡುಕಬ್ಬಿಣ ಬಾಗುವುದಿಲ್ಲ, ಒಮ್ಮೆಲೇ ಸೀಳುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ತುಂಡುಗಳನ್ನು ಹಿಡಿಯಲು ಅಲ್ಯೂಮಿನಿಯಂ ತಗಡನ್ನು ಮೂಲೆ ಮಡಚಿ ದವಡೆಗಳ ಮೇಲೆ ಹಾಕಿಕೊಂಡರೆ ಗುರುತು ಬೀಳುವುದಿಲ್ಲ.

ಹೀಗೆ ಹಿಡಿತ ಗಟ್ಟಿಯಾದ ಮೇಲೆ ಸಾಮಾನ್ಯ ದರ್ಜೆಯ ಹ್ಯಾಕ್ಸಾ (ಲೋಹ ಕೊಯ್ಯುವ ಗರಗಸ) ಸಹ ಒಳ್ಳೆಯ ಹ್ಯಾಕ್ಸಾ ಆಗುತ್ತದೆ. ಕೊಯ್ಯುವ ಗೆರೆ ದವಡೆಗೆ ಹತ್ತಿರ ಇರಬೇಕು. ತುಂಡು ಹೊರಗೆ ಉದ್ದವಾಗಿ ಚಾಚಿದಷ್ಟೂ ನಡುಗುತ್ತದೆ, ನಡುಗಿದಷ್ಟೂ ಹಲ್ಲು ಉದುರುತ್ತದೆ. 300 ಮಿ.ಮೀ. ಬ್ಲೇಡಿನಲ್ಲಿ ಇಂಚಿಗೆ 18, 24, 32 ಹಲ್ಲುಗಳ ಬಗೆಗಳು ಎಲ್ಲ ಕಡೆ ಸಿಗುತ್ತವೆ, ಮತ್ತು ಆರಿಸುವ ನಿಯಮ ಸರಳವಾದದ್ದು: ಕೊಯ್ಯುವ ದಪ್ಪದಲ್ಲಿ ಯಾವಾಗಲೂ ಕನಿಷ್ಠ 3 ಹಲ್ಲು ಇರಬೇಕು. 18 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಸುಮಾರು 1.4 ಮಿ.ಮೀ. ಅಂತರ ಇರುವುದರಿಂದ ಅದು 4 ಮಿ.ಮೀ.ಗಿಂತ ದಪ್ಪನೆಯ ಪಟ್ಟಿಗೆ ಸರಿಹೋಗುತ್ತದೆ. ತೆಳ್ಳನೆಯ ತಗಡಿಗೆ 32 ಹಲ್ಲಿನದು ಸಹ ಸಾಲುವುದಿಲ್ಲ, ಆಗ ತಗಡನ್ನು ಎರಡು ಕಟ್ಟಿಗೆಯ ಹಲಗೆಗಳ ನಡುವೆ ಇಟ್ಟು ಮೂರನ್ನೂ ಕೂಡಿಯೇ ಕೊಯ್ಯಬೇಕು. ಹಲ್ಲುಗಳ ಮುಖ ಮುಂದಕ್ಕಿರಲಿ, ಒತ್ತಡ ಮುಂದೆ ಹೋಗುವಾಗ ಮಾತ್ರ ಇರಲಿ. ನಿಮಿಷಕ್ಕೆ 40–50 ಸಲಕ್ಕಿಂತ ಹೆಚ್ಚು ವೇಗವಾಗಿ ಎಳೆದಾಡಿದರೆ ಬ್ಲೇಡು ಕಾಯುತ್ತದೆಯೇ ಹೊರತು ಕೆಲಸ ಬೇಗ ಮುಗಿಯುವುದಿಲ್ಲ.

ಫೈಲುಗಳ ವಿಷಯದಲ್ಲಿ ದೊಡ್ಡ ಸೆಟ್ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. 10 ಇಂಚಿನ ಬಾಸ್ಟರ್ಡ್ (ಒರಟು ಹಲ್ಲಿನ) ಚಪ್ಪಟೆ ಫೈಲ್, 8 ಇಂಚಿನ ಸ್ಮೂತ್ (ನುಣುಪು ಹಲ್ಲಿನ) ಚಪ್ಪಟೆ ಫೈಲ್, ಒಂದು ಅರ್ಧಗೋಲ, ಒಂದು ಗುಂಡನೆಯದು, ಒಂದು ಮೂರು ಮೂಲೆಯದು ಇಷ್ಟಿದ್ದರೆ ಬಹುಕಾಲ ಇನ್ನೇನೂ ಬೇಕಾಗುವುದಿಲ್ಲ. ಆದರೆ ಇವುಗಳನ್ನು ಹೆಸರಿರುವ ಕಂಪನಿಯವನ್ನೇ ಕೊಳ್ಳಬೇಕು, ಏಕೆಂದರೆ ಕಡಿಮೆ ದರ್ಜೆಯ ಫೈಲಿನಲ್ಲಿ ಹಲ್ಲಿನ ಗಡಸುತನ ತುದಿಯಿಂದ ಬುಡಕ್ಕೆ ಒಂದೇ ಸಮ ಇರುವುದಿಲ್ಲ, ಅದು ನೋಡಿದರೆ ತಿಳಿಯುವಂಥದ್ದಲ್ಲ. ಹಿಡಿಕೆ ಇಲ್ಲದ ಫೈಲನ್ನು ಕೈಯಲ್ಲಿ ಹಿಡಿಯಲೇಬಾರದು, ಅದರ ಚೂಪಾದ ಬಾಲ ಅಂಗೈಗೆ ಹೊಕ್ಕರೆ ಗಾಯ ಆಳವಾಗುತ್ತದೆ. ಹೊಸ ಫೈಲನ್ನು ಮೊದಲು ಹಿತ್ತಾಳೆಯ ಕೆಲಸಕ್ಕೆ ಬಳಸಿ, ಅದರ ಚೂಪು ಸ್ವಲ್ಪ ಇಳಿದ ಮೇಲೆ ಉಕ್ಕಿಗೆ ತರುವುದು ಒಳ್ಳೆಯದು. ಉಕ್ಕಿನ ಮೇಲೆ ಸವೆದ ಫೈಲು ಹಿತ್ತಾಳೆಯ ಮೇಲೆ ಜಾರುತ್ತದೆ, ಆದ್ದರಿಂದ ಕ್ರಮ ಅದಲುಬದಲಾಗಬಾರದು. ನುಣುಪು ಮುಖ ಬೇಕಾದಾಗ ಹಲ್ಲಿಗೆ ಸೀಮೆಸುಣ್ಣ ಉಜ್ಜಿಕೊಂಡರೆ ಚೂರುಗಳು ಸಿಕ್ಕಿಕೊಳ್ಳುವುದಿಲ್ಲ. ಹಾಗೂ ಸಿಕ್ಕಿಕೊಂಡ ಚೂರನ್ನು ತಂತಿ ಬ್ರಶ್ಶಿನಿಂದ ಹಲ್ಲಿನ ದಿಕ್ಕಿನಲ್ಲಿಯೇ ತೆಗೆಯಬೇಕು, ಬಿಟ್ಟರೆ ಅದೇ ಚೂರು ಮುಂದಿನ ಎಳೆತದಲ್ಲಿ ಮುಖದ ಮೇಲೆ ಆಳವಾದ ಗೀರು ಬಿಡುತ್ತದೆ.

ಅಳತೆಯ ಸಾಧನಗಳಲ್ಲಿ ಸ್ಟೀಲ್ ಸ್ಕೇಲು, ಸ್ಕ್ರೈಬರ್ (ಲೋಹದ ಮೇಲೆ ಗೆರೆ ಎಳೆಯುವ ಮೊನೆ), ಟ್ರೈಸ್ಕ್ವೇರ್ (ಮೂಲೆಮಟ್ಟ), 0.02 ಮಿ.ಮೀ. ವರೆಗೆ ಓದುವ 150 ಮಿ.ಮೀ. ವರ್ನಿಯರ್ (ದವಡೆಗಳ ನಡುವೆ ಹಿಡಿದು ಅಳೆಯುವ ಸಾಧನ) ಸಾಕು. ವರ್ನಿಯರನ್ನು ಮುಚ್ಚಿ ಬೆಳಕಿಗೆ ಹಿಡಿದಾಗ ದವಡೆಗಳ ನಡುವೆ ಬೆಳಕು ತೂರಬಾರದು. ಟ್ರೈಸ್ಕ್ವೇರನ್ನು ನೇರ ಅಂಚಿಗೆ ಆನಿಸಿ ಒಂದು ಗೆರೆ ಎಳೆದು, ಮಗುಚಿ ಹಾಕಿ ಅದೇ ಜಾಗದಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಅದು ಸರಿಯಾಗಿದೆ, ಬೇರೆಯಾದರೆ ಆ ಅಂತರದ ಅರ್ಧದಷ್ಟು ತಪ್ಪು ಅದರಲ್ಲಿದೆ.

ಡ್ರಿಲ್ಲಿನ ವಿಷಯಕ್ಕೆ ಬಂದರೆ ಹಿಡಿತದ ಮಾತು ಇನ್ನೂ ಗಂಭೀರವಾಗುತ್ತದೆ. ಡ್ರಿಲ್ ಬಿಟ್ಟು (ಕೊರೆಯುವ ಸುರುಳಿ ಸಲಾಕೆ) ತಗಡಿನ ಇನ್ನೊಂದು ಬದಿಗೆ ಹೊರಬೀಳುವ ಗಳಿಗೆಯಲ್ಲಿ ಅದರ ಅಂಚು ಉಳಿದ ತೆಳುಪದರವನ್ನು ಕಚ್ಚುತ್ತದೆ, ಆಗ ಕೈಯಲ್ಲಿ ಹಿಡಿದ ತಗಡು ಬಿಟ್ಟಿನ ಜೊತೆಗೇ ಗಿರ್ರನೆ ತಿರುಗಿ ಕತ್ತಿಯಾಗುತ್ತದೆ. ಆದ್ದರಿಂದ ಬೆಂಚ್ ಡ್ರಿಲ್ಲಿನ ಜೊತೆಯಲ್ಲಿಯೇ ಒಂದು ಮಷಿನ್ ವೈಸು, ಎರಡು ಸಿ-ಕ್ಲಾಂಪು ಕೊಳ್ಳಲು ಹಣ ಇಲ್ಲದಿದ್ದರೆ, ಹಣ ಕೂಡುವವರೆಗೆ ಡ್ರಿಲ್ಲನ್ನೇ ಮುಂದೂಡುವುದು ಲೇಸು. ತಗಡಿನ ಕೆಳಗೆ ಕಟ್ಟಿಗೆಯ ತುಂಡು ಇಟ್ಟು ಎರಡನ್ನೂ ಕೂಡಿ ಬಿಗಿಯಬೇಕು. ತಿರುಗುವ ಬಿಟ್ಟಿನ ಹತ್ತಿರ ಕೈಗವಸು ಹಾಕಿಕೊಳ್ಳಬಾರದು. ರಕ್ಷಣೆಗೆಂದು ಹಾಕಿಕೊಂಡ ಕೈಗವಸನ್ನೇ ಡ್ರಿಲ್ ಬಿಟ್ಟು ಸುತ್ತಿಕೊಂಡು ಕೈಯನ್ನು ಎಳೆಯುತ್ತದೆ. ಕುತ್ತಿಗೆಯಿಂದ ಜೋತುಬಿದ್ದ ಟವೆಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ.

ವೇಗವನ್ನು ಬಾಯಿಲೆಕ್ಕದಲ್ಲಿಯೇ ತಿಳಿಯಬಹುದು. ಹೈಸ್ಪೀಡ್ ಸ್ಟೀಲಿನ ಬಿಟ್ಟಿನಿಂದ ಮೈಲ್ಡ್ ಸ್ಟೀಲ್ ಕೊರೆಯುವಾಗ ಬಿಟ್ಟಿನ ಹೊರ ಅಂಚು ನಿಮಿಷಕ್ಕೆ ಸುಮಾರು 25 ಮೀಟರ್ ಚಲಿಸಬೇಕೆಂದು ಇಟ್ಟುಕೊಂಡರೆ, 10 ಮಿ.ಮೀ. ಬಿಟ್ಟಿಗೆ ನಿಮಿಷಕ್ಕೆ ಸುಮಾರು 800 ಸುತ್ತು ಬರುತ್ತದೆ, 5 ಮಿ.ಮೀ. ಬಿಟ್ಟಿಗೆ 1,600. ಒಂದೇ ವೇಗದ ಸಣ್ಣ ಕೈಡ್ರಿಲ್ಲುಗಳು ಇದಕ್ಕಿಂತ ಬಹಳ ಜೋರಾಗಿ ತಿರುಗುವುದರಿಂದಲೇ ಅವುಗಳಲ್ಲಿ ದೊಡ್ಡ ಬಿಟ್ಟುಗಳ ಅಂಚು ನೀಲಿಯಾಗಿ ಸುಟ್ಟುಹೋಗುತ್ತದೆ, ಮತ್ತು ಜನ ಬಿಟ್ಟಿನ ಕಂಪನಿಯನ್ನು ಬಯ್ಯುತ್ತಾರೆ. ಪುಲ್ಲಿಯ ಮೇಲೆ ಬೆಲ್ಟು ಬದಲಿಸಿ ವೇಗ ಇಳಿಸಬಹುದಾದ ಬೆಂಚ್ ಡ್ರಿಲ್ಲಿಗೆ ಕೊಡುವ ಹೆಚ್ಚಿನ ಹಣ ಬಿಟ್ಟುಗಳ ಉಳಿತಾಯದಲ್ಲಿ ವಾಪಸ್ ಬರುತ್ತದೆ. ಉಕ್ಕಿಗೆ ಕಟಿಂಗ್ ಆಯಿಲ್ ಬೇಕು, ಅಲ್ಯೂಮಿನಿಯಂಗೆ ಸೀಮೆಎಣ್ಣೆ ನಡೆಯುತ್ತದೆ, ಬೀಡುಕಬ್ಬಿಣವನ್ನು ಒಣಗಿದ್ದಂತೆಯೇ ಕೊರೆಯಬೇಕು.

ಒಳಗೆ ಥ್ರೆಡ್ ಹಾಕಲು ಎಂ6ಕ್ಕೆ (ಅಂದರೆ 6 ಮಿ.ಮೀ. ಬೋಲ್ಟಿನ ಥ್ರೆಡ್ಡಿಗೆ) 5 ಮಿ.ಮೀ., ಎಂ8ಕ್ಕೆ 6.8 ಮಿ.ಮೀ., ಎಂ10ಕ್ಕೆ 8.5 ಮಿ.ಮೀ. ರಂಧ್ರ ಬೇಕು, ಈ ಮೂರು ಅಳತೆ ಗೋಡೆಯ ಮೇಲೆ ಬರೆದಿಟ್ಟರೆ ಮನೆಯ ಕೆಲಸದ ಬಹುಪಾಲು ಮುಗಿಯುತ್ತದೆ. ಟ್ಯಾಪು ಮುರಿಯುವುದು ಹೆಚ್ಚಾಗಿ ಅದು ಓರೆಯಾಗಿ ಹೊಕ್ಕಾಗ. ಇದಕ್ಕೆ ನಾನು ಬಹಳ ಇಷ್ಟಪಡುವ ಒಂದು ಕ್ರಮವಿದೆ: ರಂಧ್ರ ಕೊರೆದ ಮೇಲೆ ತುಂಡನ್ನು ಬಿಚ್ಚದೆ, ಮಷಿನ್ ವೈಸನ್ನು ಅಲುಗಿಸದೆ, ಡ್ರಿಲ್ಲಿನ ಚಕ್ಕಿನಲ್ಲಿ ಬಿಟ್ಟಿನ ಜಾಗಕ್ಕೆ ಟ್ಯಾಪು ಸಿಕ್ಕಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಚಕ್ಕನ್ನು ಕೈಯಿಂದಲೇ ಎರಡು ಮೂರು ಸುತ್ತು ತಿರುಗಿಸುವುದು. ಟ್ಯಾಪು ರಂಧ್ರದ ನೇರಕ್ಕೆ ಹೊಕ್ಕು ಕೂಡುತ್ತದೆ. ಅನಂತರ ಚಕ್ ಸಡಿಲಿಸಿ, ಟ್ಯಾಪ್ ಹ್ಯಾಂಡಲ್ ಹಾಕಿ, ಅರ್ಧ ಸುತ್ತು ಮುಂದೆ ಹೋದಾಗಲೊಮ್ಮೆ ಹಿಂದೆ ತಿರುಗಿಸಿ ಚೂರು ಮುರಿಯುತ್ತ ಕೆಲಸ ಮುಗಿಸಬಹುದು.

ಆಂಗಲ್ ಗ್ರೈಂಡರನ್ನು ಎಲ್ಲರೂ ಎಲ್ಲಕ್ಕಿಂತ ಮೊದಲು ಕೊಳ್ಳುತ್ತಾರೆ, ನನಗೆ ಅತಿ ಹೆಚ್ಚು ಚಿಂತೆಯಾಗುವುದೂ ಅದರ ಬಗ್ಗೆಯೇ. 100 ಮಿ.ಮೀ. ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಡಿಸ್ಕಿನ ಮೇಲೆ ಮುದ್ರಿಸಿದ ಗರಿಷ್ಠ ಸುತ್ತಿನ ಸಂಖ್ಯೆ ಯಂತ್ರದ ಸಂಖ್ಯೆಗಿಂತ ಹೆಚ್ಚಿರಲೇಬೇಕು. ಮೇಲಾಗಿ ಅಂಟಿನಿಂದ ಕೂಡಿಸಿದ ಡಿಸ್ಕುಗಳಿಗೆ ಅವಧಿಯೂ ಇದೆ, ನಡುವಿನ ಲೋಹದ ಬಳೆಯ ಮೇಲೆ ಅದನ್ನು ಒತ್ತಿರುತ್ತಾರೆ. ಗಾರ್ಡ್ (ಡಿಸ್ಕಿನ ರಕ್ಷಾ ಕವಚ) ಬಿಚ್ಚಿಟ್ಟು, ಪಟ್ಟಿಯನ್ನು ಚಪ್ಪಲಿ ಕಾಲಿನಿಂದ ಒತ್ತಿ ಹಿಡಿದು ಕೊಯ್ಯುವವರನ್ನು ನಮ್ಮ ಊರಿನ ಪ್ರತಿ ಓಣಿಯಲ್ಲಿ ನೋಡಬಹುದು. ಕೊಯ್ತದ ಕೊನೆಗೆ ಪಟ್ಟಿ ಬಾಗಿ ಡಿಸ್ಕನ್ನು ಹಿಡಿದುಕೊಂಡಾಗ ಡಿಸ್ಕು ಚೂರಾಗುತ್ತದೆ ಅಥವಾ ಗ್ರೈಂಡರು ಹಿಂದಕ್ಕೆ ಜಿಗಿಯುತ್ತದೆ. ಆಗ ಗಾರ್ಡೊಂದೇ ನಿಮಗೂ ಅದಕ್ಕೂ ನಡುವೆ ಇರುವುದು. ಪಟ್ಟಿಯನ್ನು ವೈಸಿನಲ್ಲಿ ಹಿಡಿದು, ಬೀಳಬೇಕಾದ ತುದಿಯನ್ನು ಹೊರಗೆ ಬಿಟ್ಟು ಕೊಯ್ದರೆ ಸಂದು ತಾನಾಗಿ ಅಗಲವಾಗುತ್ತ ಹೋಗುತ್ತದೆ, ಡಿಸ್ಕು ಸಿಕ್ಕಿಕೊಳ್ಳುವುದಿಲ್ಲ. ಕನ್ನಡಕ ಇಲ್ಲದೆ ಸ್ವಿಚ್ ಒತ್ತಬೇಡಿ.

ಬೆಳಗಾವಿಯ ಮಳೆಗಾಲದ ಬಗ್ಗೆ ಒಂದು ಮಾತು. ಜೂನಿನಿಂದ ಸೆಪ್ಟೆಂಬರವರೆಗೆ ಗಾಳಿಯಲ್ಲಿ ಪಸೆ ಇರುವುದರಿಂದ ಬರಿಗೈ ತಾಗಿದ ಉಕ್ಕಿನ ಮೇಲೆ ಬೆರಳಿನ ಗುರುತೇ ತುಕ್ಕಾಗಿ ಮೂಡುತ್ತದೆ. ಅಳತೆಯ ಸಾಧನ, ಟ್ಯಾಪು, ಬಿಟ್ಟುಗಳಿಗೆ ತೆಳ್ಳಗೆ ಎಣ್ಣೆ ಒರೆಸಿ, ಶೆಡ್ಡಿನಲ್ಲಿ ಬಿಡದೆ ಮನೆಯೊಳಗಿನ ಕಪಾಟಿನಲ್ಲಿ ಇಡುವುದು ಉತ್ತಮ. ಫೈಲಿಗೆ ಮಾತ್ರ ಎಣ್ಣೆ ಹಚ್ಚಬಾರದು, ಅದು ಜಾರುತ್ತದೆ. ಒಂದಕ್ಕೊಂದು ತಾಗದಂತೆ ತೂಗುಹಾಕಿ.

ಲೇತಿನ ಪ್ರಶ್ನೆಗೆ ಈಗ ಉತ್ತರಿಸುತ್ತೇನೆ. ಬೆಳಗಾವಿಯಲ್ಲಿ ಇರುವವರಿಗೆ ಲೇತ್ ಇಲ್ಲದೆಯೂ ನಡೆಯುತ್ತದೆ, ಏಕೆಂದರೆ ಒಂದು ಬುಷ್ ಅಥವಾ ಪಿನ್ ತಿರುಗಿಸಿಕೊಡುವ ಟರ್ನರುಗಳು ಊರಲ್ಲಿ ಬಹಳ ಜನ ಇದ್ದಾರೆ; ಅಳತೆ ಬರೆದ ಸರಿಯಾದ ಚಿತ್ರ ಒಯ್ದರೆ ಸಾಕು. ಲೇತಿನ ಕೆಲಸವನ್ನೇ ಕಲಿಯಬೇಕೆಂಬ ಹಂಬಲವಿದ್ದರೆ ಹಳೆಯದನ್ನು ನೋಡಿ, ಆದರೆ ಎರಡು ಪರೀಕ್ಷೆ ಮಾಡಿಯೇ ಮುಂಗಡ ಕೊಡಿ. ಮೊದಲನೆಯದು ಬೆಡ್ಡಿನ, ಅಂದರೆ ಕೆಳಗಿನ ಉದ್ದನೆಯ ಹಳಿಯ ಸವೆತ. ಕ್ಯಾರೇಜಿನ (ಉಳಿ ಹೊತ್ತು ಬೆಡ್ಡಿನ ಮೇಲೆ ಸರಿಯುವ ಭಾಗದ) ಲಾಕನ್ನು ಚಕ್ಕಿನ (ತುಂಡನ್ನು ಹಿಡಿದು ತಿರುಗುವ ಭಾಗದ) ಹತ್ತಿರ, ಸರಿದಾಡಲು ತುಸುವೇ ಬಿಗಿಯಾಗುವಂತೆ ಹಾಕಿ, ಟೇಲ್‌ಸ್ಟಾಕಿನ ಕಡೆ, ಅಂದರೆ ಬೆಡ್ಡಿನ ಇನ್ನೊಂದು ತುದಿಗೆ, ಕ್ಯಾರೇಜನ್ನು ಸರಿಸುತ್ತ ಹೋಗಿ. ದಾರಿಯಲ್ಲಿ ಅದು ಪೂರ್ತಿ ಸಿಕ್ಕಿಕೊಂಡು ನಿಂತರೆ ಚಕ್ಕಿನ ಹತ್ತಿರದ ಬೆಡ್ಡು ಬಹಳ ಸವೆದಿದೆ, ಅದನ್ನು ಮನೆಯಲ್ಲಿ ಸರಿಪಡಿಸಲಾಗದು. ಎರಡನೆಯದು ಚಕ್ಕು. ಗ್ರೈಂಡ್ ಮಾಡಿದ ನೇರ ಸಲಾಕೆಯೊಂದನ್ನು ಮೂರು ದವಡೆಯ ಚಕ್ಕಿನಲ್ಲಿ ಹಿಡಿದು, ಹೊರತುದಿಯನ್ನು ಕೈಯಿಂದ ಮೇಲೆ ಕೆಳಗೆ ಅಲುಗಾಡಿಸಿ ನೋಡಿ. ದವಡೆಗಳ ಬಾಯಿ ಸವೆದು ಅಗಲವಾಗಿದ್ದರೆ ಸಲಾಕೆ ಒಳಗಿನ ತುದಿಯಲ್ಲಿ ಮಾತ್ರ ಹಿಡಿತ ಸಿಕ್ಕು ಮುಂದೆ ಆಡುತ್ತದೆ. ಈ ದೋಷಕ್ಕೆ ಹೆದರಿ ಯಂತ್ರವನ್ನು ಬಿಟ್ಟು ಬರಬೇಕಾಗಿಲ್ಲ. ಹೊಸ ನಾಲ್ಕು ದವಡೆಯ ಚಕ್ಕಿನ ದರವನ್ನು ಅಂಗಡಿಯಲ್ಲಿ ಮೊದಲೇ ಕೇಳಿಕೊಂಡು ಹೋಗಿ, ಅಷ್ಟನ್ನು ಬೆಲೆಯಲ್ಲಿ ಇಳಿಸಿ ಮಾತಾಡಿ. ನಾಲ್ಕು ದವಡೆಗಳೂ ಬೇರೆ ಬೇರೆಯಾಗಿ ಸರಿಯುವುದರಿಂದ, ಡಯಲ್ (ಸಣ್ಣ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಸಾಧನ) ಹಚ್ಚಿ ತಾಳ್ಮೆಯಿಂದ ಹೊಂದಿಸಿದರೆ ಅದರಲ್ಲಿ ತುಂಡನ್ನು 0.02 ಮಿ.ಮೀ. ಒಳಗೆ ನಡುವಿಗೆ ತರಬಹುದು.