ಮನೆಯಲ್ಲಿ ಆರೈಕೆಯ ಹೊಣೆ ಹೊತ್ತವರ ಮ್ಯಾನೇಜರ್ ಏನು ಓದಬೇಕು?

"ನನ್ನ ಟೀಮಿನಲ್ಲಿ ಒಬ್ಬರ ತಾಯಿ ಹಾಸಿಗೆ ಹಿಡಿದಿದ್ದಾರೆ. ಇನ್ನೊಬ್ಬರ ಮಗುವಿಗೆ ದಿನವಿಡೀ ಯಾರಾದರೂ ಜೊತೆಗಿರಬೇಕು. ಕ್ರೈಸ್ತನಾಗಿ ನಾನು ಹೇಗೆ ನಡೆದುಕೊಳ್ಳಲಿ? ಯಾವ ಪುಸ್ತಕ ಓದಲಿ?" ಮ್ಯಾನೇಜರ್ ಆಗಿರುವ ಚರ್ಚಿನ ಗೆಳೆಯರು ಇದನ್ನು ಆಗಾಗ ಕೇಳುತ್ತಾರೆ.

ಮೊದಲು ಹೆನ್ರಿ ನೌವೆನ್ ಅವರ 'ಆಡಮ್' ಓದಿ ಅನ್ನುತ್ತೇನೆ. ಇದು ಮ್ಯಾನೇಜ್‌ಮೆಂಟ್ ಪುಸ್ತಕವೇ ಅಲ್ಲ. ನೌವೆನ್ ಯೇಲ್, ಹಾರ್ವರ್ಡ್‌ಗಳಲ್ಲಿ ಪಾಠ ಮಾಡಿದ ಪಾದ್ರಿ. 1986ರಲ್ಲಿ ಕೆನಡಾದ ಟೊರಾಂಟೊ ಹತ್ತಿರದ ಡೇಬ್ರೇಕ್‌ಗೆ ಹೋಗಿ ನೆಲೆಸಿದರು. ಅದು ಬೌದ್ಧಿಕ ಅಂಗವೈಕಲ್ಯ ಇರುವವರೂ ಅವರ ಸಹಾಯಕರೂ ಒಟ್ಟಿಗೆ ಬಾಳುವ ಸಮುದಾಯ. ಅಲ್ಲಿ ಆಡಮ್ ಎಂಬ ಯುವಕನನ್ನು ಬೆಳಿಗ್ಗೆ ನೋಡಿಕೊಳ್ಳುವ ಕೆಲಸ ಅವರಿಗೆ ಸಿಕ್ಕಿತು. ಆಡಮ್‌ಗೆ ಮಾತು ಬರುತ್ತಿರಲಿಲ್ಲ, ಫಿಟ್ಸ್ ಬರುತ್ತಿತ್ತು. ಎಬ್ಬಿಸಬೇಕು, ಸ್ನಾನ ಮಾಡಿಸಬೇಕು, ಗಡ್ಡ ಕೆರೆಯಬೇಕು, ಬಟ್ಟೆ ಹಾಕಬೇಕು, ಪಕ್ಕದಲ್ಲಿ ಕೂತು ತಿಂಡಿ ತಿನ್ನಿಸಬೇಕು. ಯಾವುದನ್ನೂ ಅವಸರದಲ್ಲಿ ಮಾಡುವಂತಿಲ್ಲ. ಒಂಬತ್ತು ಗಂಟೆಯ ಮೀಟಿಂಗಿಗೆ ಬರುವ ನಿಮ್ಮ ಸಹೋದ್ಯೋಗಿ ಅಷ್ಟರಲ್ಲಾಗಲೇ ಏನೆಲ್ಲ ಮಾಡಿ ಬಂದಿರುತ್ತಾರೆ ಅಂತ ಇದನ್ನು ಓದಿದರೆ ತಿಳಿಯುತ್ತದೆ.

ಆಮೇಲೆ, ಆರನೇ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿ. ಸನ್ಯಾಸಿ ಮಠಕ್ಕೆ ಬರೆದದ್ದು ಆಫೀಸಿಗೆ ಯಾಕೆ ಅನ್ನಬೇಡಿ, ನನಗೆ ಅತಿ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಇದೇ. ರೋಗಿಗಳ ಆರೈಕೆ ಎಲ್ಲಕ್ಕಿಂತ ಮೊದಲು ಎನ್ನುತ್ತದೆ 36ನೇ ಅಧ್ಯಾಯ. ಬರೀ ಮಾತಿಗೆ ನಿಲ್ಲುವುದಿಲ್ಲ, ರೋಗಿಗಳಿಗೆ ಬೇರೆ ಕೋಣೆ, ನೋಡಿಕೊಳ್ಳಲು ಮಠದ ಒಬ್ಬ ಸನ್ಯಾಸಿ ಎಂದು ಗೊತ್ತುಮಾಡುತ್ತದೆ. 35ನೇ ಅಧ್ಯಾಯ ಅಡುಗೆಮನೆಯ ಸರದಿಯದು. ಕೈಲಾಗದವರಿಗೆ ಸಹಾಯಕರನ್ನು ಕೊಡಿ, ಅವರು ಬೇಸರದಿಂದ ಕೆಲಸ ಮಾಡುವಂತಾಗಬಾರದು ಎನ್ನುತ್ತದೆ. ಬಡಿಸುವವರಿಗೆ ಊಟಕ್ಕೆ ಮೊದಲೇ ಒಂದಿಷ್ಟು ರೊಟ್ಟಿ ಕೊಡಬೇಕು, ಅದೂ ಅವರ ಪಾಲಿನ ಊಟದ ಮೇಲೆ ಹೆಚ್ಚಿಗೆ! ಆರೈಕೆ ಇಲ್ಲಿ ಯಾರೋ ಕನಿಕರದಿಂದ ಕೊಡುವ ವಿನಾಯಿತಿ ಅಲ್ಲ. ಅದೂ ಒಂದು ಕೆಲಸ. ಅದಕ್ಕೆ ಆಳು, ಸಮಯ, ಊಟ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಇಟ್ಟಿರುತ್ತಾರೆ.

ಅಮೆರಿಕದ ಪಾಸ್ಟರ್ ಟಿಮ್ ಕೆಲ್ಲರ್ ಅವರ 'ಎವ್ರಿ ಗುಡ್ ಎಂಡೆವರ್' (2012) ಎಲ್ಲರೂ ಹೇಳುವ ಪುಸ್ತಕ. ದುಡಿಮೆ ದೇವರ ಕರೆ ಎಂಬುದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ. ಆದರೆ ಜೊತೆಗೆ ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ಓದದೆ ಇದನ್ನು ಮ್ಯಾನೇಜರ್ ಕೈಗೆ ಕೊಡಲು ನನಗೆ ಭಯ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಇದು ದೇವರಿಗೆ ಕೊಟ್ಟದ್ದು' ಎಂದು ತಪ್ಪಿಸುವುದನ್ನು ಯೇಸು ಅಲ್ಲಿ ಖಂಡಿಸುತ್ತಾನೆ. ಕರೆಯ ಹೆಸರಿನಲ್ಲಿ ರಾತ್ರಿ ಒಂಬತ್ತರವರೆಗೂ ಜನರನ್ನು ಕೂರಿಸಿಕೊಳ್ಳುವುದೂ ಅದೇ ಅಲ್ವಾ?

ನಮ್ಮ ಕಾನೂನು 2017ರಿಂದ, ಇಬ್ಬರಿಗಿಂತ ಕಡಿಮೆ ಮಕ್ಕಳಿರುವ ತಾಯಂದಿರಿಗೆ ಹೆರಿಗೆಗೆ 26 ವಾರ ಸಂಬಳದ ರಜೆ ಕೊಡುತ್ತದೆ. ಮುದಿ ತಂದೆತಾಯಿಯ ಆರೈಕೆಗೆ ಖಾಸಗಿ ಕಂಪನಿಯವರಿಗೆ ಅಂಥದ್ದಿಲ್ಲ. ಅಲ್ಲಿ ಎಲ್ಲ ಮ್ಯಾನೇಜರ್ ಕೈಯಲ್ಲೇ ಇದೆ. ಹಾಗಾಗಿ ಸುಮ್ನೆ "ಏನಾದ್ರೂ ಬೇಕಿದ್ರೆ ಹೇಳಿ" ಅಂದರೆ ಸಾಲದು. ಯಾವ ಹೊತ್ತು ಅವರಿಗೆ ಕಷ್ಟ ಅಂತ ಕೇಳಿ, ಆ ಹೊತ್ತಿಗೆ ಮೀಟಿಂಗ್ ಇಡಬೇಡಿ. ಅವರಿಲ್ಲದ ದಿನ ಕೆಲಸ ಯಾರು ಮಾಡುತ್ತಾರೆ ಎಂದು ಮೊದಲೇ ಬರೆದಿಡಿ. ಹಾಗೆ ಅವರ ಬದಲು ಮಾಡಿದ ಕೆಲಸ, ಮಾಡಿದವರ ಲೆಕ್ಕಕ್ಕೂ ಸೇರಲಿ.

ಬೆನೆಡಿಕ್ಟರ ನಿಯಮಾವಳಿಯ ಹಳೆಯ ಇಂಗ್ಲಿಷ್ ಅನುವಾದಗಳು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. 35, 36 ಎರಡೂ ಚಿಕ್ಕ ಅಧ್ಯಾಯಗಳು. ಮುಂದಿನ ತಿಂಗಳ ಶಿಫ್ಟ್ ಹಾಕುವ ಮೊದಲು ಓದಿಬಿಡಿ.